ಎಸ್ಸೆಸ್ಸೆಲ್ಸಿ, ಪಿಯುಸಿ ಬೇಗ ಮುಗಿಸಿ ಕಾಲೇಜು ಸೇರಬಹುದಾ? ದುಡ್ಡು ಕಟ್ಟೋ ಮೊದ್ಲು ಇದನ್ನ ಓದ್ರಿ

ಹೊಳೆಆಲೂರು: ಹುಡುಗ ಭಾಳ ಶ್ಯಾಣ್ಯಾ ಅದಾನ, ಒಂದ್ ವರ್ಷ ಮೊದ್ಲ ಕಾಲೇಜಿಗೆ ಹಾಕಬಹುದೇನು? ರಿಸಲ್ಟ್ ಟೈಮ್‌ನಲ್ಲಿ ಪಾಲಕರಿಗೆ ಬರೋ ಪ್ರಶ್ನೆ ಇದು. ಇದನ್ನೇ ಹಿಡ್ಕೊಂಡು "ಒಂದೇ ವರ್ಷದಲ್ಲಿ ಪಿಯುಸಿ ಪಾಸ್" ಅನ್ನೋ ಜಾಹೀರಾತುಗಳೂ ಮೊಬೈಲ್‌ನಲ್ಲಿ ಓಡಾಡ್ತವೆ. ನಿಯಮ ಏನಿದೆ, ಇಲ್ಲಿದೆ ಮಾಹಿತಿ.

ಅಮೆರಿಕದ ಹೈಸ್ಕೂಲ್‌ಗಳಲ್ಲಿ ಕ್ರೆಡಿಟ್ ಲೆಕ್ಕ. ಬೇಕಾದಷ್ಟು ಕ್ರೆಡಿಟ್ ಬೇಗ ಗಳಿಸಿದವರು ಬೇಗ ಹೊರಗೆ ಬರ್ತಾರೆ. ನಮ್ಮಲ್ಲಿ ವರ್ಷದ ಲೆಕ್ಕ. ಎಸ್ಸೆಸ್ಸೆಲ್ಸಿ ನಂತರ ಪಿಯುಸಿ 2 ವರ್ಷ, ಆಮೇಲೆ ಡಿಗ್ರಿ 3 ವರ್ಷ. ಎಷ್ಟೇ ಅಂಕ ಬಂದ್ರೂ ರೆಗ್ಯುಲರ್ ವಿದ್ಯಾರ್ಥಿ ಪ್ರಥಮ ಪಿಯು ಹಾರಿಸಿ ದ್ವಿತೀಯ ಪಿಯುಗೆ ಹೋಗೋಕೆ ಆಗಲ್ಲ.

ಬಿಹಾರದ ತಥಾಗತ್ ತುಳಸಿ 9ನೇ ವಯಸ್ಸಿಗೆ ಹೈಸ್ಕೂಲ್, 12ಕ್ಕೆ ಎಂಎಸ್ಸಿ ಮುಗಿಸಿ, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಪಡೆದದ್ದು ನಿಜ. ಆದ್ರೆ ಅದು ದೇಶದಲ್ಲೇ ಅಪರೂಪದ ಪ್ರಕರಣ, ಎಲ್ಲರಿಗೂ ಇರೋ ದಾರಿ ಅಲ್ಲ.

ಓಪನ್ ಸ್ಕೂಲ್‌ನಲ್ಲಿ ಆಗುತ್ತಾ?

ಕೇಂದ್ರ ಸರ್ಕಾರದ ಎನ್‌ಐಒಎಸ್‌ನಲ್ಲಿ 10ನೇ ತರಗತಿಗೆ ಕನಿಷ್ಠ 14 ವರ್ಷ, 12ಕ್ಕೆ ಕನಿಷ್ಠ 15 ವರ್ಷ ಆಗಿರಬೇಕು. ಆದ್ರೆ 10ನೇ ತರಗತಿ ಪಾಸಾದ ಮೇಲೆ 2 ವರ್ಷ ಅಂತರ ಇದ್ರೆ ಮಾತ್ರ 12ನೇ ತರಗತಿಯ ಪ್ರಮಾಣಪತ್ರ ಸಿಗೋದು. ಅಂದ್ರೆ ಇಲ್ಲೂ ವರ್ಷ ಉಳಿಯಲ್ಲ. ಒಮ್ಮೆ ನೋಂದಣಿ ಮಾಡಿಸಿದ್ರೆ 5 ವರ್ಷ ನಡೀತದೆ. ಹಿಂಗಾಗಿ ಓದು ಅರ್ಧಕ್ಕೆ ನಿಂತವರಿಗೆ, ದುಡಿಯೋ ಮಕ್ಕಳಿಗೆ ಇದು ಒಳ್ಳೆ ದಾರಿ.

ಪಿಯುಸಿ ಇಲ್ಲದೆ ಕಾಲೇಜು

ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಪಾಲಿಟೆಕ್ನಿಕ್ ಸೇರಬಹುದು. ಡಿಪ್ಲೊಮಾ 3 ವರ್ಷ. ನಂತರ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ 2ನೇ ವರ್ಷಕ್ಕೆ ಹೋಗಬಹುದು. ಪಿಯುಸಿ 2, ಎಂಜಿನಿಯರಿಂಗ್ 4 ಸೇರಿದ್ರೆ 6 ವರ್ಷ. ಡಿಪ್ಲೊಮಾ 3, ಎಂಜಿನಿಯರಿಂಗ್ 3 ಸೇರಿದ್ರೂ 6 ವರ್ಷ. ಸಮಯ ಅಷ್ಟೇ. ಆದ್ರೆ ಮನೇಲಿ ತೊಂದರೆ ಆದ್ರೆ ಮೂರೇ ವರ್ಷಕ್ಕೆ ಕೆಲಸ ಹುಡುಕೋಕೆ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರ್ತದೆ. 2 ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾ 2ನೇ ವರ್ಷಕ್ಕೆ ಪ್ರವೇಶ ಇದೆ.

ವಯಸ್ಸೂ ನೋಡ್ರಿ

ವೈದ್ಯಕೀಯ ಓದಬೇಕು ಅನ್ನೋರು, ಪ್ರವೇಶ ಪಡೆಯೋ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಬೇಗ ಪಿಯುಸಿ ಮುಗಿಸಿದ್ರೂ ನೀಟ್‌ಗೆ ಕಾಯಲೇಬೇಕು.

ವರ್ಷ ಉಳಿಸೋ ನಿಜವಾದ ದಾರಿ

ಫೇಲಾದವರಿಗೆ ಮಾತ್ರ ಸರ್ಕಾರವೇ ವರ್ಷ ಉಳಿಸಿಕೊಟ್ಟಿದೆ. 2024ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಎರಡಕ್ಕೂ ವಾರ್ಷಿಕ ಪರೀಕ್ಷೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೀತಿದೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನ ಪರೀಕ್ಷೆ-2ರಲ್ಲಿ ಬರೆದು ಅದೇ ವರ್ಷ ಮುಂದೆ ಹೋಗಬಹುದು. "ಫೇಲಾದ, ಇನ್ನ ಹೊಲಕ್ಕ ಹೋಗಲಿ", "ಮಗಳ ಮದುವೆ ಮಾಡಿಬಿಡೋಣು" ಅನ್ನೋ ಮೊದ್ಲು ಈ ಪರೀಕ್ಷೆಗೆ ಫೀ ಕಟ್ಟಿಸ್ರಿ.

ದುಡ್ಡು ಕಟ್ಟೋ ಮೊದ್ಲು ಕೇಳಬೇಕಾದ್ದು

* ಅಂಕಪಟ್ಟಿ ಕೊಡೋ ಮಂಡಳಿ ಯಾವುದು? ಅದಕ್ಕೆ ಮಾನ್ಯತೆ ಇದೆಯಾ?
* ಪರೀಕ್ಷೆ ಎಲ್ಲಿ, ಯಾವ ತಿಂಗಳು?
* ಕಟ್ಟಿದ ಹಣಕ್ಕೆ ರಸೀದಿ ಕೊಡ್ತಾರಾ?

"ಪರೀಕ್ಷೆ ಬರೀಬೇಕಾಗಿಲ್ಲ" ಅಂದ್ರೆ ಅಲ್ಲಿಂದ ಎದ್ದು ಬರ್ರಿ. ಮಾನ್ಯತೆ ಇಲ್ಲದ ಅಂಕಪಟ್ಟಿ ಇಟ್ಕೊಂಡು ಡಿಗ್ರಿ ಸೇರಿದ್ರೆ, ನೌಕರಿ ಸಿಕ್ಕ ಮೇಲೂ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳಬಹುದು. ಸಂಶಯ ಇದ್ರೆ ಹತ್ತಿರದ ಪಿಯು ಕಾಲೇಜಿನ ಪ್ರಾಂಶುಪಾಲರನ್ನ ಇಲ್ಲವೇ ಗದಗದಲ್ಲಿರೋ ಪದವಿ ಪೂರ್ವ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸ್ರಿ.