ಮೂರು ಕೂಗಿಗೆ ಹಾಜರಿರಬೇಕಾದರೆ

ತಾಲ್ಲೂಕು ಕೋರ್ಟಿನಲ್ಲಿ ಪ್ರಕರಣದ ಸರದಿ ಬಂದಾಗ ಅಟೆಂಡರ್ ಬಾಗಿಲಿಗೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುತ್ತಾರೆ. ಕೂಗಿದಾಗ ಹಾಜರಿರಬೇಕು. ಇಲ್ಲದಿದ್ದರೆ ದಾವೆ ವಜಾ ಆಗಬಹುದು, ಆರೋಪಿಯಾಗಿದ್ದರೆ ವಾರಂಟ್ ಹೊರಡಬಹುದು. ಹಂಗಳ, ಬೇಗೂರು, ತೆರಕಣಾಂಬಿ ಕಡೆಯಿಂದ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಕೋರ್ಟಿಗೆ ಬರುವವರು ಬೆಳಿಗ್ಗೆಯೇ ಬಂದು ಕಾಯುವುದು ಇದಕ್ಕೇ. ಸರದಿ ಹನ್ನೊಂದಕ್ಕೂ ಬರಬಹುದು, ನಾಲ್ಕಕ್ಕೂ ಬರಬಹುದು. ಅಷ್ಟು ಹೊತ್ತು ಕೂರಲು ಜಾಗ, ಕುಡಿಯಲು ನೀರು, ಹೆಂಗಸರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಶೌಚಾಲಯ ಇಲ್ಲದಿದ್ದರೆ ಏನಾಗುತ್ತದೆ? ಬಸ್ ನಿಲ್ದಾಣದವರೆಗೆ ಹೋಗಿ ಬರುವಷ್ಟರಲ್ಲಿ ಕೂಗು ಮುಗಿದಿರುತ್ತದೆ.

ದೇಶದ ಎಷ್ಟೋ ಕೋರ್ಟುಗಳ ಪಾಡು ಇದು. 2021ರ ಅಕ್ಟೋಬರ್‌ನಲ್ಲಿ ಔರಂಗಾಬಾದಿನ ಹೈಕೋರ್ಟ್ ಪೀಠದ ಹೊಸ ಕಟ್ಟಡ ಉದ್ಘಾಟಿಸಲು ಬಂದಿದ್ದ ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ವೇದಿಕೆಯಲ್ಲೇ ಅಂಕಿಅಂಶ ಓದಿದರು: ಶೇ 26ರಷ್ಟು ನ್ಯಾಯಾಲಯ ಸಂಕೀರ್ಣಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿಲ್ಲ, ಶೇ 46ರಷ್ಟರಲ್ಲಿ ಶುದ್ಧ ಕುಡಿಯುವ ನೀರಿಲ್ಲ, ಪ್ರಥಮ ಚಿಕಿತ್ಸೆಯ ಸೌಲಭ್ಯ ಇರುವುದು ಶೇ 5ರಷ್ಟರಲ್ಲಿ ಮಾತ್ರ. ಕಟ್ಟಡಗಳಿಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಬೇಕೆಂದು ಅವರು ಕೇಳಿದರು. ಮರುವರ್ಷ ಮುಖ್ಯಮಂತ್ರಿಗಳು ಮತ್ತು ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನದಲ್ಲಿ ಅದಕ್ಕೆ ಒಮ್ಮತ ಸಿಗಲಿಲ್ಲ.

ಹಾಲ್‌ಗಳ ಕೊರತೆಯಂತೂ ನೇರವಾಗಿ ವಿಚಾರಣೆಯ ಕೈ ಕಟ್ಟುತ್ತದೆ. ಸುಪ್ರೀಂ ಕೋರ್ಟ್ 2023ರಲ್ಲಿ ಪ್ರಕಟಿಸಿದ ವರದಿಯಂತೆ ಜಿಲ್ಲಾ ಹಂತದಲ್ಲಿ ಮಂಜೂರಾದ ನ್ಯಾಯಾಧೀಶರ ಹುದ್ದೆಗಳು 25,081. ಕೋರ್ಟ್ ಹಾಲ್‌ಗಳು 20,831. ಅಂದರೆ ಎಲ್ಲ ಹುದ್ದೆಗಳನ್ನೂ ನಾಳೆಯೇ ತುಂಬಿದರೆ ನಾಲ್ಕು ಸಾವಿರಕ್ಕೂ ಹೆಚ್ಚು ನ್ಯಾಯಾಧೀಶರಿಗೆ ಕೂರಲು ಪೀಠವೇ ಇಲ್ಲ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಇಂದಿಗೂ ದೇಶದಲ್ಲಿ ಇರುವುದು ಸುಮಾರು 15. ವಾಯಿದೆ ಮೇಲೆ ವಾಯಿದೆ ಬೀಳುವುದಕ್ಕೆ ವಕೀಲರನ್ನಷ್ಟೇ ದೂರಿದರೆ ಈ ಲೆಕ್ಕ ಮರೆತಂತೆ.

ಕೋರ್ಟು ಹತ್ತಿರವಿರುವುದರ ಬೆಲೆ ಚಾಮರಾಜನಗರದವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಸೀಮೆಗೆಲ್ಲ ಜಿಲ್ಲಾ ಕೇಂದ್ರ ಮೈಸೂರೇ. 1993ರ ಪಾಲಾರ್ ಸ್ಫೋಟದ ನಂತರ ಕಾಡುಗಳ್ಳ ವೀರಪ್ಪನ್ ಸಂಬಂಧಿತ ಪ್ರಕರಣಗಳ ವಿಚಾರಣೆ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ನಡೆದದ್ದೂ ಮೈಸೂರಿನಲ್ಲಿ. ತೀರ್ಪು ಬಂದಾಗ 2001. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಊರುಗಳಿಗೆ ಮೈಸೂರು ಸುಮಾರು 150 ಕಿಲೋಮೀಟರ್ ದೂರ. ಆ ಪ್ರಕರಣಗಳಲ್ಲಿ ಜೈಲಿನಲ್ಲಿದ್ದ ತಮ್ಮವರನ್ನು ನೋಡಲು, ವಕೀಲರನ್ನು ಕಾಣಲು ಕೂಲಿ ಬಿಟ್ಟು ಅಷ್ಟು ದೂರ ಹೋಗಿ ಬರುವುದು ಬಡ ಕುಟುಂಬಕ್ಕೆ ಎಂಥ ಹೊರೆ! ಈಗ ಜಿಲ್ಲಾ ನ್ಯಾಯಾಲಯ ಚಾಮರಾಜನಗರದಲ್ಲೇ ಇದೆ. ಆದರೂ ಬೆಟ್ಟದವರಿಗೆ ಅದು ನೂರು ಕಿಲೋಮೀಟರಿಗೂ ಹೆಚ್ಚು.

ಹೊಸ ಕಾಲದ ಕೋರ್ಟು ಕಟ್ಟಡ ಅಂದರೆ ಗಾಜಿನ ಮುಂಭಾಗವಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣದಲ್ಲಿ ಸಾಕ್ಷಿ ನುಡಿಯುವ ಮಗುವಿಗೆ ಆರೋಪಿ ಎದುರಾಗಬಾರದು ಎನ್ನುತ್ತದೆ 2012ರ ಕಾಯ್ದೆ. ಒಂದೇ ಕಾರಿಡಾರು, ಒಂದೇ ಮೆಟ್ಟಿಲು ಇರುವ ಹಳೆಯ ಕಟ್ಟಡದಲ್ಲಿ ಹಾಲ್ ಒಳಗೆ ಪರದೆ ಕಟ್ಟಬಹುದು; ಹೊರಗೆ ಬೆಂಚಿನ ಮೇಲೆ ಕಾಯುವಾಗ ಆ ಮಗು ಯಾರ ಮುಖ ನೋಡುತ್ತದೆ? ಅದಕ್ಕೇ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇಂಥ ಸಾಕ್ಷಿಗಳು ಹೇಳಿಕೆ ಕೊಡಲು ಪ್ರತಿ ಜಿಲ್ಲೆಯಲ್ಲೂ ಪ್ರತ್ಯೇಕ ಕೇಂದ್ರವಿರಬೇಕೆಂದು ನಿರ್ದೇಶಿಸಿ, ಮೇಲ್ವಿಚಾರಣೆಯನ್ನು ನಿವೃತ್ತ ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿಗೆ ವಹಿಸಿತು. ಬೇರೆ ಬಾಗಿಲು, ಬೇರೆ ಕೋಣೆ, ಆಟದ ಸಾಮಾನು, ನ್ಯಾಯಾಧೀಶರಿಗೆ ಮಗುವನ್ನು ತೋರಿಸುವ ಕ್ಯಾಮೆರಾ. ಇವೆಲ್ಲ ನಕ್ಷೆ ಬರೆಯುವಾಗಲೇ ಇರಬೇಕಾದವು.

ತಂತ್ರಜ್ಞಾನಕ್ಕೂ ಗೋಡೆ, ವಿದ್ಯುತ್ತು ಬೇಕು. ಊಟಿ ಮತ್ತು ಕೇರಳದ ಹೆದ್ದಾರಿಗಳು ಕವಲೊಡೆಯುವ ಗುಂಡ್ಲುಪೇಟೆಯಲ್ಲಿ ಅಪಘಾತದ ಪ್ರಕರಣಗಳು ಹೊಸತಲ್ಲ. ಗಾಯಾಳುವನ್ನು ನೋಡಿದ ವೈದ್ಯರು ಬೇರೆ ಊರಿಗೆ ವರ್ಗವಾಗಿದ್ದರೆ ಅಲ್ಲಿಂದಲೇ ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಕರ್ನಾಟಕ ಹೈಕೋರ್ಟಿನ 2020ರ ನಿಯಮಗಳು ದಾರಿ ಮಾಡಿವೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಆದರೆ ಕರೆಂಟು ಹೋದ ಕೂಡಲೇ ಪರದೆ ಕಪ್ಪಾದರೆ ಆ ದಿನವೂ ವಾಯಿದೆಯೇ.

ಕೋರ್ಟು ಕಟ್ಟಡಗಳಿಗೆ 1993-94ರಿಂದ ಕೇಂದ್ರದ ನೆರವಿನ ಯೋಜನೆ ಇದೆ. ಈಗ ಕೇಂದ್ರ 60 ಪಾಲು ಕೊಟ್ಟರೆ ರಾಜ್ಯ 40 ಪಾಲು ಹಾಕಬೇಕು. ಹುಬ್ಬಳ್ಳಿಯಲ್ಲಿ 2018ರಲ್ಲಿ ಉದ್ಘಾಟನೆಯಾದ ಬಹುಮಹಡಿ ಸಂಕೀರ್ಣ ನೋಡಿದರೆ ನಮ್ಮ ರಾಜ್ಯಕ್ಕೆ ಕಟ್ಟುವ ಶಕ್ತಿಯಿದೆ ಎಂಬುದರಲ್ಲಿ ಅನುಮಾನವಿಲ್ಲ. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ನ್ಯಾಯ ಒದಗಿಸುವುದರಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ ಕೊಟ್ಟಿದೆ. ಮೊದಲ ಸ್ಥಾನದಲ್ಲಿರುವ ರಾಜ್ಯ ಇನ್ನು ಕಾಡಂಚಿನ ತಾಲ್ಲೂಕುಗಳಿಂದ ಕೆಲಸ ಶುರುಮಾಡಬೇಕು. ಕಟ್ಟಡ ಕಟ್ಟಲಾಗದ ಕಡೆ ಕೋರ್ಟೇ ಜನರ ಬಳಿಗೆ ಹೋಗಬಹುದು. ಬ್ರೆಜಿಲ್‌ನ ಅಮೆಜಾನ್ ಸೀಮೆಯಲ್ಲಿ ನ್ಯಾಯಾಧೀಶರು ದೋಣಿಯೇರಿ ನದಿದಡದ ಹಳ್ಳಿಗಳಿಗೆ ಹೋಗುತ್ತಾರೆ. ನಮ್ಮಲ್ಲೂ 2008ರ ಗ್ರಾಮ ನ್ಯಾಯಾಲಯ ಕಾಯ್ದೆ ನ್ಯಾಯಾಧಿಕಾರಿ ಹಳ್ಳಿಗೇ ಹೋಗಿ ವಿಚಾರಣೆ ನಡೆಸಲು ಅವಕಾಶ ಕೊಟ್ಟಿದೆ. ಸೋಲಿಗರ ಪೋಡುಗಳಿಗೆ, ಜೇನುಕುರುಬರ ಹಾಡಿಗಳಿಗೆ ಅದಕ್ಕಿಂತ ಒಳ್ಳೆಯ ಕೋರ್ಟಿಲ್ಲ.

ಯಾವುದೇ ತಾಲ್ಲೂಕಿನಲ್ಲಿ ಹೊಸ ಕೋರ್ಟಿನ ಗುದ್ದಲಿಪೂಜೆಗೆ ಮುಂಚೆ ವಕೀಲರ ಸಂಘದವರೂ ಊರಿನ ಹೆಣ್ಣುಮಕ್ಕಳೂ ನಕ್ಷೆಯನ್ನು ಕೇಳಿ ಪಡೆದು ನೋಡಲಿ. ಕಾಯುವವರ ಕೋಣೆ ಎಲ್ಲಿದೆ, ಶೌಚಾಲಯ ಎಷ್ಟು ದೂರ, ಮಗು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ವಿಚಾರಿಸಲಿ. ಉತ್ತರ ಸಮಾಧಾನ ತರದಿದ್ದರೆ ನಕ್ಷೆ ಬದಲಿಸಿ ಎಂದು ಅಲ್ಲೇ ಪಟ್ಟು ಹಿಡಿಯಲಿ.