ಕೊಳ್ಳೇಗಾಲದಿಂದ ಭೂಮಿಗೆ ಒಂದು ಸುತ್ತು

ಕೊಳ್ಳೇಗಾಲ, ಹನೂರು, ಯಳಂದೂರು ಮೂರು ತಾಲ್ಲೂಕಿಗೂ ರೈಲು ಬಂದಿಲ್ಲ. ಆದರೆ ಹೊರದೇಶ ಸೇರಿದ ಮಕ್ಕಳು ಇಲ್ಲಿಯ ಮನೆಗಳಲ್ಲೂ ಇದ್ದಾರೆ. ಮಗ ಡಲ್ಲಾಸ್‌ನಲ್ಲಿ, ಮಗಳು ಸಿಡ್ನಿಯಲ್ಲಿ ಅಂದುಕೊಳ್ಳಿ. ಇಬ್ಬರನ್ನೂ ನೋಡಲು ತಂದೆತಾಯಿ ಎರಡೆರಡು ಸಲ ಹೋಗಿಬರಬೇಕಿಲ್ಲ. ಒಂದೇ ಟಿಕೆಟ್‌ನಲ್ಲಿ ಭೂಮಿಯನ್ನು ಸುತ್ತಿ ಬರಬಹುದು.

ಇದೇನೂ ಹೊಸದಲ್ಲ. ಅಮೆರಿಕದ ಪ್ಯಾನ್ ಆಮ್ 1947ರಲ್ಲೇ ಕಲ್ಕತ್ತೆಯ ಮೂಲಕ ಜಗತ್ತು ಸುತ್ತುವ ವಿಮಾನ ಓಡಿಸಿತ್ತು. ಈಗ ಅಂಥ ಟಿಕೆಟ್ ಕೊಡುವುದು ಸ್ಟಾರ್ ಅಲೈಯನ್ಸ್, ಒನ್‌ವರ್ಲ್ಡ್‌ನಂಥ ವಿಮಾನ ಕಂಪನಿಗಳ ಕೂಟಗಳು. ಒಂದೇ ದಿಕ್ಕಿನಲ್ಲಿ ಸಾಗಬೇಕು, ಅಟ್ಲಾಂಟಿಕ್ ಒಮ್ಮೆ, ಪೆಸಿಫಿಕ್ ಒಮ್ಮೆ ದಾಟಬೇಕು, ವರ್ಷದೊಳಗೆ ಹೊರಟ ದೇಶಕ್ಕೇ ಮರಳಬೇಕು. ಒನ್‌ವರ್ಲ್ಡ್‌ನಲ್ಲಿ ಎಷ್ಟು ಖಂಡ ಮುಟ್ಟುತ್ತೀರಿ ಎಂಬುದರ ಮೇಲೆ ದರ. ಹಾರಾಟ ಹೆಚ್ಚೆಂದರೆ 16. ಕಾಗದದ ಟಿಕೆಟ್ ಕಾಲದಲ್ಲಿ ಒಂದು ಪುಸ್ತಿಕೆಗೆ 4 ಕೂಪನ್, ಅಂಥ 4 ಪುಸ್ತಿಕೆ; ಆ ಲೆಕ್ಕ ಹಾಗೇ ಉಳಿದಿದೆ.

ಗಮನಿಸಬೇಕಾದ್ದು ಬೇರೆಯಿದೆ. ದಾರಿ ಅದೇ, ಸೀಟು ಅದೇ. ಯಾವ ದೇಶದಿಂದ ಹೊರಡುತ್ತೀರಿ ಎಂಬುದರ ಮೇಲೆ ಬೆಲೆ ಬದಲಾಗುತ್ತದೆ. ಹಾಗಾಗಿ ಕೈರೊ, ಕೊಲಂಬೊ, ಜೊಹಾನ್ಸ್‌ಬರ್ಗ್ ಎಂದು ದರ ಇಳಿದ ಊರು ಹುಡುಕಿಕೊಂಡು ಹೋಗಿ ಅಲ್ಲಿಂದ ಸುತ್ತು ಆರಂಭಿಸುವವರಿದ್ದಾರೆ. ನಮಗೆ ಹತ್ತಿರದ್ದು ಕೊಲಂಬೊ. ಶ್ರೀಲಂಕನ್ ಏರ್‌ಲೈನ್ಸ್ 2014ರಲ್ಲಿ ಒನ್‌ವರ್ಲ್ಡ್ ಸೇರಿತು. ಬಿಸಿನೆಸ್ ದರ್ಜೆಯವರಿಗೆ ಈ ಲೆಕ್ಕ ಒಗ್ಗೀತು. ವಯಸ್ಸಾದ ದಂಪತಿಗೆ ನಾನಂತೂ ಹೇಳಲಾರೆ. ಬೆಂಗಳೂರಿನಿಂದ ಕೊಲಂಬೊಗೆ ಬೇರೆ ಟಿಕೆಟ್ ಬೇಕು. ಆ ವಿಮಾನ ತಡವಾಗಿ ಸುತ್ತಿನ ಮೊದಲ ವಿಮಾನ ತಪ್ಪಿದರೆ, ಮುಂದಿನ ಅಷ್ಟೂ ಹಾರಾಟ ಸರದ ದಾರ ಹರಿದಂತೆ ಚದುರಿಹೋಗುತ್ತವೆ. ಕೊನೆಯಲ್ಲಿ ಮತ್ತೆ ಕೊಲಂಬೊದಲ್ಲೇ ಇಳಿಯಬೇಕು. ಬೆಂಗಳೂರಿನಿಂದಲೇ ಹೊರಡಲಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ದರಕ್ಕಿಂತ ಮೊದಲು ವೀಸಾ ನೋಡಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸಲಿಕ್ಕೂ ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಎಲ್ಲ ವೀಸಾ ಕೈಗೆ ಬರುವ ತನಕ ಟಿಕೆಟ್‌ಗೆ ಹಣ ಕಟ್ಟಬೇಡಿ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟನ್ನರಿಗೆ ಇದು ಇನ್ನೂ ಕಠಿಣ. 1970ರ ದಶಕದಿಂದ ಅಲ್ಲಿ ಬೇಸಾಯ ಮಾಡಿಕೊಂಡು ನೆಲೆಸಿದವರು ಅವರು. ಅವರಲ್ಲಿ ನಿರಾಶ್ರಿತರಾಗಿಯೇ ಉಳಿದವರ ಪಯಣಕ್ಕೆ ಪಾಸ್‌ಪೋರ್ಟ್ ಇಲ್ಲ, ಭಾರತ ಸರ್ಕಾರ ಕೊಡುವ ಹಳದಿ ಹೊದಿಕೆಯ ಗುರುತಿನ ಪುಸ್ತಕ ಇದೆ. ಹೊರಟ ದೇಶಕ್ಕೆ ಮರಳಲೇಬೇಕು ಎನ್ನುತ್ತದೆ ಟಿಕೆಟ್. ಭಾರತಕ್ಕೆ ಮರಳುವ ಅನುಮತಿಯನ್ನು ಅವರು ಹೊರಡುವ ಮೊದಲೇ ಕೇಳಿ ಪಡೆದಿರಬೇಕು. ಇಲ್ಲೇ ಹುಟ್ಟಿ ಬೆಳೆದವರೂ ಇದಕ್ಕೆ ಹೊರತಲ್ಲ. ಅವರ ಟಿಕೆಟ್ ಮಾಡಿಸಿಕೊಡುವವರು ಮೊದಲು ಕೇಳಬೇಕಾದದ್ದು ಆ ಅನುಮತಿಯ ಕಾಗದವನ್ನು.