ಮುಳುಗಿದ ಊರಿನ ಗೋಡೆಬರಹ

ವೇಲ್ಸಿನ ಪಶ್ಚಿಮ ಕರಾವಳಿಯ ಎ487 ಹೆದ್ದಾರಿಯಲ್ಲಿ, ಅಬರಿಸ್ಟ್‌ವಿತ್ ಪಟ್ಟಣದ ದಕ್ಷಿಣಕ್ಕೆ ಲಾನ್‌ರಸ್ಟಿಡ್ ಎಂಬ ಊರಿದೆ. ಅದರ ಹತ್ತಿರ ಪಾಳುಬಿದ್ದ ಮನೆಯೊಂದರ ಕಲ್ಲುಗೋಡೆ. ಗೋಡೆಯ ಕೆಂಪಿನ ಮೇಲೆ ಬಿಳಿ ಬಣ್ಣದಲ್ಲಿ ‘ಕೊವ್ಯುಖ್ ಡ್ರವೆರಿನ್’ ಎಂಬ ಎರಡೇ ವೆಲ್ಷ್ ಪದ. ಟ್ರವೆರಿನ್ ಕಣಿವೆಯನ್ನು ನೆನಪಿಡಿ ಎಂದರ್ಥ. 1960ರ ದಶಕದ ಆರಂಭದಲ್ಲಿ ಇದನ್ನು ಬರೆದವರು ಮೈಕ್ ಸ್ಟೀಫನ್ಸ್. ಆಗಿನ್ನೂ ಎಳೆಯ ಪ್ರಾಯ. ಮುಂದೆ ಕವಿ, ಸಂಪಾದಕ, ಪ್ರಾಧ್ಯಾಪಕ ಎಂದೆಲ್ಲ ಹೆಸರಾದರು. ಆದರೂ ಅವರು ಬರೆದದ್ದರಲ್ಲಿ ಇದರಷ್ಟು ಓದುಗರನ್ನು ಕಂಡದ್ದು ಇನ್ನೊಂದು ಇರಲಾರದು.

ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಗಿತ್ತು. ವೇಲ್ಸಿನ ಬಾಲಾ ಪಟ್ಟಣದ ಬಳಿ ಟ್ರವೆರಿನ್ ನದಿಗೆ ಅಣೆಕಟ್ಟು ಕಟ್ಟಲು ಬ್ರಿಟಿಷ್ ಸಂಸತ್ತು 1957ರಲ್ಲಿ ಕಾಯ್ದೆ ಮಾಡಿತು. ವೇಲ್ಸಿನ ಒಬ್ಬ ಸಂಸದನೂ ಅದರ ಪರ ಮತ ಹಾಕಿರಲಿಲ್ಲ. ಮುಳುಗಲಿದ್ದ ಕಾಪೆಲ್ ಕೆಲಿನ್ ಹಳ್ಳಿಯ ಜನ ಅದಕ್ಕೂ ಹಿಂದೆ, 1956ರಲ್ಲೇ, ಲಿವರ್‌ಪೂಲಿನ ಬೀದಿಗಳಲ್ಲಿ ಮೆರವಣಿಗೆ ಹೋಗಿ ಬೇಡಿಕೊಂಡಿದ್ದರು. ಯಾರೂ ಕಿವಿಗೊಡಲಿಲ್ಲ. ಶಾಲೆ, ಅಂಚೆಕಚೇರಿ, ಪ್ರಾರ್ಥನಾ ಮಂದಿರ, ಹೊಲಮನೆಗಳೆಲ್ಲ 1965ರ ಹೊತ್ತಿಗೆ ನೀರಿನಡಿ ಹೋದವು. ಸ್ಮಶಾನದಿಂದ ಕೆಲವು ಶವಗಳನ್ನಷ್ಟೇ ತೆಗೆದು ಸಾಗಿಸಿ, ಉಳಿದವುಗಳ ಮೇಲೆ ಕಾಂಕ್ರೀಟು ಸುರಿದರು. ವೆಲ್ಷ್ ಭಾಷೆಯಲ್ಲೇ ಬದುಕುತ್ತಿದ್ದ ಊರದು. ಹಾಗಾಗಿ ಮನೆ, ಹೊಲಗಳ ಜೊತೆ ನುಡಿಯೂ ಮುಳುಗಿತೆಂಬ ಸಂಕಟ ನಾಡಿಗೆಲ್ಲ ಹಬ್ಬಿತು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ.

ಆ ಗೋಡೆಯ ಅಕ್ಷರಗಳಲ್ಲಿ ಕುಸುರಿ ಕೆಲಸವೇನೂ ಇಲ್ಲ, ಚುನಾವಣೆಯ ಗೋಡೆಬರಹದಷ್ಟೇ ಒರಟು. ಅದರ ಜಾಣತನವಿರುವುದು ಜಾಗದ ಆಯ್ಕೆಯಲ್ಲಿ. ಜಲಾಶಯದ ದಂಡೆಯಲ್ಲಿ ನೆಟ್ಟ ಸ್ಮಾರಕವನ್ನು ಅಲ್ಲಿಗೆ ಹುಡುಕಿಕೊಂಡು ಹೋದವರು ಮಾತ್ರ ಓದುತ್ತಾರೆ. ಇದಾದರೋ ಆ ಕಣಿವೆಯಿಂದ ಬಹುದೂರದಲ್ಲಿ, ತಮ್ಮ ಪಾಡಿಗೆ ಕಾರು ಓಡಿಸುತ್ತಿರುವವರ ಕಣ್ಣಿಗೂ ಬೀಳುತ್ತದೆ.

ಇಷ್ಟು ವರ್ಷಗಳಲ್ಲಿ ಗೋಡೆಯನ್ನು ಎಷ್ಟೋ ಸಲ ಕೆಡಿಸಿದ್ದಾರೆ, ಅಷ್ಟೇ ಸಲ ಯಾರೋ ಬಂದು ಮತ್ತೆ ಬರೆದಿದ್ದಾರೆ. ಸ್ಟೀಫನ್ಸ್ ಬಳಿದ ಬಣ್ಣ ಎಂದೋ ಮರೆಯಾಗಿದೆ. ಈಗಿರುವುದನ್ನು ಅವರ ಕೃತಿ ಎನ್ನುವುದಕ್ಕಿಂತ ಊರವರ ಕೃತಿ ಎನ್ನುವುದೇ ಸರಿ. 2019ರ ಫೆಬ್ರುವರಿಯಲ್ಲಿ, ಸ್ಟೀಫನ್ಸ್ ತೀರಿಕೊಂಡ ಮರುವರ್ಷ, ಅದರ ಮೇಲೆ ಯಾರೋ ‘ಎಲ್ವಿಸ್’ ಎಂದು ಗೀಚಿದರು. ಏಪ್ರಿಲ್‌ನಲ್ಲಿ ಗೋಡೆಯ ಒಂದು ಭಾಗವನ್ನೇ ಕೆಡವಿದರು. ಸ್ವಯಂಸೇವಕರು ಕೂಡಲೇ ಕಲ್ಲು ಜೋಡಿಸಿ ಗೋಡೆ ಎಬ್ಬಿಸಿದರು. ಆಮೇಲಿನ ವಾರಗಳಲ್ಲಿ ವೇಲ್ಸಿನ ಉದ್ದಗಲಕ್ಕೂ ಗೋಡೆಗಳ ಮೇಲೆ ಅದೇ ಎರಡು ಪದಗಳು ಎದ್ದವು. ಟೀ ಶರ್ಟು, ಸ್ಟಿಕ್ಕರುಗಳ ಮೇಲೂ ಬಂದವು. ಅಂಗಡಿ ಸರಕಾಯಿತಲ್ಲ ಎಂದು ಮೂಗು ಮುರಿಯುವವರು ಮುರಿಯಲಿ. ಕೆಡವಿದವರಿಗೆ ಈಗ ಕೆಡವಬೇಕಾದ ಗೋಡೆಗಳೇ ಹೆಚ್ಚಾಗಿವೆ.